ತುಟಿಯ ಗುಳ್ಳೆಗೆ ಅಸೈಕ್ಲೋವಿರ್ ಕ್ರೀಮ್ ಮತ್ತು ಅಂಟುಪಟ್ಟಿ: ಸಂಗಾತಿಯ ಪಾಲಿಗೆ ಇವು ಎಷ್ಟು ರಕ್ಷಣೆ?

ವರ್ಷಕ್ಕೆ ಎರಡು ಮೂರು ಬಾರಿ ನನ್ನ ಕೆಳತುಟಿಯ ಬಲ ಅಂಚಿನಲ್ಲಿ, ಪ್ರತಿ ಸಲವೂ ಅದೇ ಜಾಗದಲ್ಲಿ, ನೀರುಗುಳ್ಳೆಗಳ ಸಣ್ಣ ಗೊಂಚಲು ಏಳುತ್ತದೆ. ಜ್ವರ ಬಂದು ಹೋದ ಮೇಲೆ, ನಿದ್ದೆಗೆಟ್ಟಾಗ ಅಥವಾ ಬಿಸಿಲಿನಲ್ಲಿ ಬಹಳ ಹೊತ್ತು ಅಲೆದಾಗ ಬರುವ ಇದನ್ನು ಚಿಕ್ಕಂದಿನಿಂದಲೂ ಜ್ವರದ ಗುಳ್ಳೆ ಎಂದೇ ಕರೆದುಕೊಂಡು ಬಂದಿದ್ದೆ. ಇದು ಹರ್ಪಿಸ್ ಸಿಂಪ್ಲೆಕ್ಸ್ ಒಂದನೇ ಬಗೆಯ ವೈರಸ್ಸಿನಿಂದ ಬರುವಂಥದ್ದು, ಹಾಗೆಯೇ ಒಬ್ಬರಿಂದ ಒಬ್ಬರಿಗೆ ಅಂಟುವಂಥದ್ದು ಎಂದು ತಿಳಿದದ್ದು ತೀರ ತಡವಾಗಿ. (ಹರ್ಪಿಸ್ ಎಂದ ಕೂಡಲೇ ಸರ್ಪಸುತ್ತು ನೆನಪಾಗುವವರು ಬಹಳ. ಅದು ಬೇರೊಂದು ವೈರಸ್ಸಿನ ಕಾಯಿಲೆ.) ಎರಡು ವರ್ಷಗಳಿಂದ ನಾನು ಶೇ. 5ರ ಅಸೈಕ್ಲೋವಿರ್ ಕ್ರೀಮನ್ನೂ ಗುಳ್ಳೆಯ ಮೇಲೆ ಅಂಟಿಸುವ ತೆಳುವಾದ ಹೈಡ್ರೋಕೊಲಾಯ್ಡ್ ಪಟ್ಟಿಯನ್ನೂ ಬಳಸುತ್ತಿದ್ದೇನೆ. ಗುಳ್ಳೆ ಎಷ್ಟು ದಿನದಲ್ಲಿ ಮಾಯುತ್ತದೆ ಎಂದು ತಿಳಿಸುವ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಗುಳ್ಳೆ ಬಂದವರ ಸಂಗಾತಿಗೆ ಇವುಗಳಿಂದ ಏನು ಪ್ರಯೋಜನ ಎಂಬುದು ನಾನು ಓದಿದ ಯಾವ ವಿಮರ್ಶೆಯಲ್ಲೂ ಇರಲಿಲ್ಲ.

ಮೊದಲು ಕ್ರೀಮ್. ಎಚ್ಚರವಿರುವಷ್ಟು ಹೊತ್ತು ಸುಮಾರು ನಾಲ್ಕು ಗಂಟೆಗೊಮ್ಮೆ, ದಿನಕ್ಕೆ ಐದು ಬಾರಿ, ನಾಲ್ಕೈದು ದಿನ ಹಚ್ಚಬೇಕು. ವೈರಸ್ ಹೊಕ್ಕಿರುವ ಜೀವಕೋಶಗಳಲ್ಲಿ ಮಾತ್ರ ಚುರುಕಾಗಿ, ವೈರಸ್ಸು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುವುದನ್ನು ತಡೆಯುವ ಈ ಔಷಧ ನಿಜಕ್ಕೂ ದೊಡ್ಡ ಸಾಧನೆ. ಇಂತಹ ಔಷಧಗಳ ಶೋಧಕ್ಕೆ ದಾರಿ ಮಾಡಿದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಮುಲಾಮಿನ ರೂಪದಲ್ಲಿ ಇದರ ಫಲ ಅಲ್ಪ: ಗುಳ್ಳೆಯ ಅವಧಿ ಹೆಚ್ಚೆಂದರೆ ಅರ್ಧ ದಿನದಷ್ಟು ಕಡಿಮೆಯಾಗುತ್ತದೆ. ಅದೂ ಚರ್ಮ ಚುಮುಚುಮು ಎನ್ನತೊಡಗಿದ ಗಳಿಗೆಯಲ್ಲೇ ಹಚ್ಚಿದರೆ. ಗುಳ್ಳೆ ಎದ್ದ ಮೇಲೆ ಹಚ್ಚಿದಾಗ ನನಗೆ ಯಾವ ವ್ಯತ್ಯಾಸವೂ ಕಾಣಿಸಿಲ್ಲ.

ಅಂಟುಪಟ್ಟಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಡೆದ ಗುಳ್ಳೆಯಿಂದ ಒಸರುವ ರಸಿಕೆಯನ್ನು ಅದು ಚೆನ್ನಾಗಿ ಹೀರಿಕೊಳ್ಳುತ್ತದೆ, ಹಕ್ಕಳೆ ಬಿರಿಯದಂತೆ ನೋಡಿಕೊಳ್ಳುತ್ತದೆ, ಕೈ ಪದೇ ಪದೇ ಅಲ್ಲಿಗೇ ಹೋಗುವುದು ತಪ್ಪುತ್ತದೆ. ನಾಲ್ಕು ಜನರ ಎದುರು ಸಂಕೋಚವಿಲ್ಲದೆ ಮಾತನಾಡಬಹುದು. ಆದರೆ ಎರಡು ಮೂರು ಗಂಟೆ ಕಳೆಯುವಷ್ಟರಲ್ಲಿ, ಊಟ ಮಾಡಿದರಂತೂ ಖಂಡಿತ, ಬಾಯಿಯ ಕಡೆಯ ಅಂಚು ತೇವಗೊಂಡು ಮೇಲೇಳುತ್ತದೆ. ಆ ಅಂಚನ್ನು ಕನ್ನಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ; ಅದರಾಚೆಗೆ ಯೋಚಿಸಲಿಲ್ಲ. ಗುಳ್ಳೆ ಮುಚ್ಚಿದೆ, ಆದ್ದರಿಂದ ಅಪಾಯವಿಲ್ಲ ಎಂದುಕೊಂಡು ಕಳೆದ ವರ್ಷ ಪಟ್ಟಿ ಹಾಕಿಕೊಂಡೇ ನನ್ನ ಪತ್ನಿಗೆ ಮುತ್ತು ಕೊಟ್ಟೆ.

ಆರನೆಯ ದಿನ ಆಕೆಗೆ ಜ್ವರ ಬಂತು. ದವಡೆಯ ಕೆಳಗೆ ಗಂಟುಗಳು ಊದಿಕೊಂಡವು, ವಸಡು ಕೆಂಪಾಗಿ ಬಾತುಕೊಂಡಿತು, ನಾಲಿಗೆಯ ಮೇಲೂ ತುಟಿಯ ಒಳಗೂ ಹುಣ್ಣುಗಳೆದ್ದು ಗುಟುಕು ನೀರು ಕುಡಿಯುವುದೂ ಕಷ್ಟವಾಯಿತು. ನನಗೆ ವರ್ಷಕ್ಕೆರಡು ಸಲ ಬಂದು ಹೋಗುವ ಕಿರಿಕಿರಿ, ಮೊದಲ ಬಾರಿಗೆ ತಗುಲಿದ ವಯಸ್ಕರಲ್ಲಿ ಹೀಗೂ ಕಾಡಬಹುದೆಂದು ನನಗೆ ಗೊತ್ತಿರಲಿಲ್ಲ. ಆಕೆ ಚಮಚದಲ್ಲಿ ತಣ್ಣನೆಯ ನೀರನ್ನು ತುಟಿಗೆ ತಾಗದಂತೆ ಬಾಯಿಗೆ ಬಿಟ್ಟುಕೊಳ್ಳುತ್ತಿದ್ದುದನ್ನು ನೋಡಿ ನಾನು ಪಟ್ಟ ಸಂಕಟ ಇಂದಿಗೂ ಹಾಗೆಯೇ ಇದೆ.

ವೈದ್ಯರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ ಮಾತುಗಳಲ್ಲಿ ಪಟ್ಟಿಯ ಪೊಟ್ಟಣದ ಮೇಲೆ ಒಂದೂ ಇರಲಿಲ್ಲ. ಚುಮುಚುಮು ಶುರುವಾದಾಗಿನಿಂದ ಹಕ್ಕಳೆ ಉದುರಿ ಚರ್ಮ ಪೂರ್ತಿ ಕೂಡುವವರೆಗೆ ಅಪಾಯ ಹೆಚ್ಚು. ಗುಳ್ಳೆಯ ರಸಿಕೆಯಲ್ಲಂತೂ ವೈರಸ್ಸು ತುಂಬಿರುತ್ತದೆ. ಗುಳ್ಳೆಯೇ ಇಲ್ಲದ ದಿನಗಳಲ್ಲೂ ಕೆಲವೊಮ್ಮೆ ಎಂಜಲಿನಲ್ಲಿ ವೈರಸ್ ಇರುತ್ತದೆಯಾದ್ದರಿಂದ ಅಪಾಯವನ್ನು ತಗ್ಗಿಸಬಹುದೇ ಹೊರತು ಇಲ್ಲವಾಗಿಸಲಾಗದು. ಮುಖಮೈಥುನದ ಮೂಲಕ ಇದೇ ವೈರಸ್ಸು ಸಂಗಾತಿಯ ಜನನಾಂಗಕ್ಕೂ ತಗುಲುತ್ತದೆ. ಕಾಂಡೋಮ್ ಅಥವಾ ಡೆಂಟಲ್ ಡ್ಯಾಮ್ (ಬಾಯಿಗೂ ಜನನಾಂಗಕ್ಕೂ ನಡುವೆ ಹಿಡಿಯುವ ತೆಳುವಾದ ರಬ್ಬರ್ ಹಾಳೆ) ಬಳಸಿದರೆ ಆ ಅಪಾಯ ಕಡಿಮೆಯಾಗುತ್ತದೆ, ಗುಳ್ಳೆ ಇದ್ದಾಗ ಮುಖಮೈಥುನವನ್ನು ಬಿಡುವುದೇ ಸರಿ.

ಅವರು ಒತ್ತಿ ಹೇಳಿದ ಇನ್ನೊಂದು ಮಾತು ಎಲ್ಲ ದಂಪತಿಗಳಿಗೂ ತಿಳಿದಿರಬೇಕು. ಈ ವೈರಸ್ ನರಗಂಟಿನಲ್ಲಿ (ನರಕೋಶಗಳ ಗೊಂಚಲಿನಲ್ಲಿ) ವರ್ಷಗಟ್ಟಲೆ ಸುಮ್ಮನಿರಬಲ್ಲದು. ಎಷ್ಟೋ ಜನರಿಗೆ ಬಾಲ್ಯದಲ್ಲೇ, ಮನೆಯವರ ಮುತ್ತಿನಿಂದಲೇ, ಗೊತ್ತಾಗದಂತೆ ತಗುಲಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ, ಅಂದರೆ ಶೇ. 64ರಷ್ಟು ಮಂದಿಯಲ್ಲಿ, ಇದು ಇದೆ. ಆದ್ದರಿಂದ ಸಂಗಾತಿಯ ತುಟಿಯಲ್ಲಿ ಮೊದಲ ಸಲ ಗುಳ್ಳೆ ಕಂಡಿತೆಂದು ನಡತೆಯನ್ನು ಶಂಕಿಸುವುದು ದೊಡ್ಡ ಅನ್ಯಾಯ.

ಮಾತ್ರೆಯಿಂದ ತಡೆಯಬಹುದೇ ಎಂದೂ ಕೇಳಿದೆ. ಗುಳ್ಳೆಯ ಸೂಚನೆ ಕಂಡ ಕೂಡಲೇ ಒಂದೇ ದಿನ, 12 ಗಂಟೆಗಳ ಅಂತರದಲ್ಲಿ, 2 ಗ್ರಾಂನಂತೆ ಎರಡು ಸಲ ತೆಗೆದುಕೊಳ್ಳುವ ವ್ಯಾಲಸೈಕ್ಲೋವಿರ್ ಗುಳ್ಳೆಯನ್ನು ಸುಮಾರು ಒಂದು ದಿನ ಮುಂಚೆ ಮಾಯಿಸುತ್ತದೆ. ಅದಕ್ಕೆ ವೈದ್ಯರ ಚೀಟಿ ಬೇಕು. ದಿನವೂ ತೆಗೆದುಕೊಂಡರೆ ಸಂಗಾತಿಗೆ ಹರಡುವುದು ಅರ್ಧದಷ್ಟು ತಗ್ಗುತ್ತದೆ ಎಂಬುದು ಜನನಾಂಗದ ಎರಡನೇ ಬಗೆಯ ಹರ್ಪಿಸ್ ವಿಷಯದಲ್ಲಿ ಸಿದ್ಧವಾದದ್ದು, ಅದನ್ನು ತುಟಿಯ ಗುಳ್ಳೆಗೆ ಹಾಗೆಯೇ ಅನ್ವಯಿಸಬಾರದು.

ಕ್ರೀಮಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಪಟ್ಟಿಗೆ ಗುಳ್ಳೆಯನ್ನು ಕಾಪಾಡುವ ಕೆಲಸದಲ್ಲಿ ನಾಲ್ಕು. ಸಂಗಾತಿಯನ್ನು ಕಾಪಾಡುವ ವಿಷಯದಲ್ಲಿ ಅಂಕ ಕೊಡಲು ನನಗೆ ಮನಸ್ಸಿಲ್ಲ, ಏಕೆಂದರೆ ಅದು ಆ ಕೆಲಸಕ್ಕೆ ಮಾಡಿದ್ದೇ ಅಲ್ಲ, ಹಾಗೆಂದು ಪೊಟ್ಟಣದ ಮೇಲೆ ಒಂದು ಸಾಲು ಅಚ್ಚು ಹಾಕಿದ್ದರೆ ಸಾಕಿತ್ತು. ಗರ್ಭಿಣಿಯರು, ಎಳೆಗೂಸು ಇರುವ ಮನೆಯವರು, ಇಸಬು ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಕಣ್ಣಿನಲ್ಲಿ ಉರಿ ಅಥವಾ ಕೆಂಪು ಕಂಡವರು ಇವೆರಡನ್ನೂ ನಂಬಿ ಕೂರದೆ ವೈದ್ಯರ ಬಳಿ ಹೋಗಬೇಕು. ಈಗ ನಮ್ಮಿಬ್ಬರಲ್ಲೂ ಅದೇ ವೈರಸ್ ಇರುವುದರಿಂದ ಒಬ್ಬರಿಂದ ಒಬ್ಬರಿಗೆ ಹೊಸದಾಗಿ ತಗುಲುವ ಭಯ ಬಹುಮಟ್ಟಿಗೆ ಇಲ್ಲ. ಆದರೂ ಒಬ್ಬರ ಗುಳ್ಳೆಗೆ ತಾಗಿದ ಟ್ಯೂಬನ್ನು ಇನ್ನೊಬ್ಬರು ಬಳಸಬಾರದೆಂದು ವೈದ್ಯರು ಹೇಳಿರುವುದರಿಂದ ಔಷಧದ ಡಬ್ಬಿಯಲ್ಲಿ ಎರಡು ಟ್ಯೂಬುಗಳನ್ನು ಇಟ್ಟುಕೊಂಡಿದ್ದೇವೆ; ಒಂದರ ಮೇಲೆ ಆಕೆಯ ಹೆಸರು ಬರೆದಿದೆ.