ಮೈಸೂರು ಸಿಲ್ಕ್ ಸೀರೆ: ಅವ್ವ ಮುಟ್ಟಿ ನೋಡಿ ಆರಿಸಿದ್ದು

ತಂಗಿ ಮದುವೆಗೆಂದು ಕೆಎಸ್‌ಐಸಿ (ರಾಜ್ಯ ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಮಳಿಗೆಯಲ್ಲಿ ಮೈಸೂರು ಸಿಲ್ಕ್ ಸೀರೆ ತಗೊಂಡೆ. ಕಡು ಹಸಿರು ಒಡಲು, ಸಣ್ಣ ಜರಿ ಅಂಚು. ಬೆಲೆ 20 ಸಾವಿರ ದಾಟಿತು. ಅದಕ್ಕೂ ಮೊದಲು ಬೇರೊಂದು ಅಂಗಡಿಗೆ ಹೋಗಿದ್ದೆವು. ಅಲ್ಲಿ ನೋಡೋಕೆ ಇಂಥದ್ದೇ ಸೀರೆ 4 ಸಾವಿರಕ್ಕಿತ್ತು. ನೂಲು ಎಲ್ಲಿಯದು ಅಂದರೆ "ಪ್ಯೂರ್ ಸಿಲ್ಕ್ ಮೇಡಂ" ಅಂತಷ್ಟೇ ಉತ್ತರ.

ನಾವು ರಾಮನಗರದ ಹತ್ತಿರದ ಹಳ್ಳಿಯವರು. ರೇಷ್ಮೆ ಹುಳ ಮೇಯಿಸಿದ ಮನೆ. ಅವ್ವ ಕೆಎಸ್‌ಐಸಿ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಿಟ್ಟಳು. ಸುಕ್ಕು ತಾನಾಗಿ ಬಿಚ್ಚಿಕೊಂಡಿತು. ಕ್ರೇಪ್ ನೂಲಿಗೆ ಹುರಿ ಜಾಸ್ತಿ, ಅದಕ್ಕೇ ಹಾಗೆ. "ಇದನ್ನೇ ತಗೊಳವ್ವ" ಅಂದಳು. ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ಪ್ರತಿ ಸೀರೆಗೂ ಅದರದೇ ಸಂಖ್ಯೆ ಇದೆ.

ನನಗೆ ಮಾತ್ರ ರೇಷ್ಮೆ ಗೂಡಿನ ಮಾತೇ ದೊಡ್ಡದು. ಈ ಸೀರೆಯ ನೂಲನ್ನು ಟಿ. ನರಸೀಪುರದಲ್ಲಿರುವ ಕೆಎಸ್‌ಐಸಿಯದೇ ಫಿಲೇಚರ್‌ನಲ್ಲಿ, ಅಂದರೆ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆಯಲ್ಲಿ, ತೆಗೆಯುತ್ತಾರೆ. ಗೂಡು ನಮ್ಮ ರಾಜ್ಯದ ರೈತರದ್ದು.

ಅದು ಯಾಕೆ ದೊಡ್ಡದು ಅಂದರೆ, 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ (ಗೂಡಿನಿಂದ ಬಿಚ್ಚಿದ ನೂಲಿನ) ಆಮದು ಸುಂಕವನ್ನು ಶೇ 30ರಿಂದ ಒಂದೇ ಸಲ ಶೇ 5ಕ್ಕೆ ಇಳಿಸಿದರು. ಚೀನಾ ನೂಲು ಅಗ್ಗವಾಯಿತು, ಇಲ್ಲಿ ಗೂಡಿನ ಬೆಲೆ ಬಿದ್ದುಹೋಯಿತು. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹಂತ) ಎದ್ದ ಹುಳಕ್ಕೆ ಸೊಪ್ಪು ಸಾಲದು ಅಂತ ಅವ್ವ ರಾತ್ರಿಯೆಲ್ಲ ಎದ್ದಿರುತ್ತಿದ್ದಳು. ಆ ಬೆಳೆಯ ಗೂಡು ಮಾರಿ ಬಂದ ಅಪ್ಪ, ಮೊಟ್ಟೆ ದುಡ್ಡು, ಕೂಲಿ, ಗಾಡಿ ಬಾಡಿಗೆ ಕಳೆದು ಉಳಿದ ನೋಟುಗಳನ್ನು ಎರಡೆರಡು ಸಲ ಎಣಿಸಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ಅಷ್ಟರಲ್ಲಿ ನಾವು ಹಿಪ್ಪುನೇರಳೆ ಕಿತ್ತಾಗಿತ್ತು, ಹುಳ ಗೂಡು ಕಟ್ಟುವ ಚಂದ್ರಿಕೆ ತಟ್ಟೆಗಳು ಅಟ್ಟ ಸೇರಿದ್ದವು.

ಚೀನಾ ನೂಲು ಕಳಪೆ ಅಂತ ನಾನು ಹೇಳೋದಿಲ್ಲ. ಎಳೆ ಒಂದೇ ಸಮ ಇರುತ್ತೆ, ಮಗ್ಗದಲ್ಲಿ ಕಡಿಯೋದು ಕಡಿಮೆ. ನೇಕಾರರು ಅದನ್ನು ಕೇಳಿದರೆ ತಪ್ಪೇನು? ಅವರೂ ಬದುಕಬೇಕಲ್ವಾ. ಅದಕ್ಕೇ ನಮ್ಮಲ್ಲೂ ದ್ವಿತಳಿ ಗೂಡು (ಉದ್ದ, ಸಮ ಎಳೆ ಕೊಡುವ ತಳಿಯ ಗೂಡು) ಹೆಚ್ಚಬೇಕು, ನೂಲು ಬಿಚ್ಚುವವರಿಗೆ ಒಳ್ಳೆ ಯಂತ್ರ ಸಿಗಬೇಕು. ಅಲ್ಲಿವರೆಗೆ ಸುಂಕ ಇರಲೇಬೇಕು. ಒಮ್ಮೆ ಕಿತ್ತ ತೋಟ ಬಜೆಟ್ ಬದಲಾದ ಮಾತ್ರಕ್ಕೆ ಮತ್ತೆ ಚಿಗುರೋದಿಲ್ಲ.

ಸೀರೆ ವಿಷಯಕ್ಕೆ ಬಂದರೆ, ಮದುವೆ ದಿನ ಬೆಳಗಿಂದ ಸಂಜೆವರೆಗೆ ಉಟ್ಟು ಓಡಾಡಿದೆ. ಭಾರ ಅನಿಸಲಿಲ್ಲ, ನೆರಿಗೆ ಕೆಡಲಿಲ್ಲ. ಕೊಟ್ಟ ದುಡ್ಡಿಗೆ ಬೇಜಾರಿಲ್ಲ. ಈಗ ಅದು ಅವ್ವನ ಟ್ರಂಕಿನಲ್ಲಿದೆ. ನುಸಿಗುಳಿಗೆ ಹಾಕಿದರೆ ಜರಿ ಕಪ್ಪಾಗುತ್ತೆ ಅಂತ, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಟ್ಟಿದ್ದಾಳೆ.