ಗಿಡದ ಸ್ಕ್ವಾಲೇನಾ, ಶಾರ್ಕ್ ಸ್ಕ್ವಾಲೇನಾ? ದಿ ಆರ್ಡಿನರಿ ಫೇಸ್ ಆಯಿಲ್ ರಿವ್ಯೂ

ಚಳಿಗಾಲ ಬಂತು ಅಂದ್ರೆ ನನ್ ಮುಖ ಬಿರೀಬಿಟ್ಟು ಚುರುಗುಟ್ಟೋಕೆ ಶುರು, ಮೂಗಿನ ಪಕ್ಕ ಬೆಳ್ಳಗೆ ಹೊಟ್ಟು ಏಳುತ್ತೆ, ಕೊಬ್ಬರಿ ಎಣ್ಣೆ ಹಚ್ಚಿದ್ರೆ ಮೊಡವೆ, ಅದಕ್ಕೇ ದಿ ಆರ್ಡಿನರಿ ಅನ್ನೋ ಬ್ರ್ಯಾಂಡ್‌ನವ್ರ 100% ಪ್ಲಾಂಟ್ ಡಿರೈವ್ಡ್ ಸ್ಕ್ವಾಲೇನ್, ಅಂದ್ರೆ ಗಿಡದಿಂದ ತೆಗೆದ ಮುಖಕ್ಕೆ ಹಚ್ಚೋ ಎಣ್ಣೆ, ತಗೊಂಡೆ. 30 ಎಂಎಲ್ ಡ್ರಾಪರ್ ಬಾಟ್ಲಿ, ಬಣ್ಣನೂ ಇಲ್ಲ ವಾಸ್ನೆನೂ ಇಲ್ಲ. ರಾತ್ರಿ ಮುಖ ತೊಳ್ಕೊಂಡು ಇನ್ನೂ ಒದ್ದೆ ಇರುವಾಗ್ಲೇ ಎರಡ್ಮೂರು ಹನಿ ಅಂಗೈಗೆ ಹಾಕ್ಕೊಂಡು ಉಜ್ಜಿ ಕೆನ್ನೆಗೆ ಒತ್ತಿದ್ರೆ ಸಾಕು, ಸ್ವಲ್ಪ ಹೊತ್ತಲ್ಲೇ ಇಳ್ಕೊಳ್ಳುತ್ತೆ, ದಿಂಬಿಗೆ ಜಿಡ್ಡು ಹತ್ತಲ್ಲ, ಕೈಯಲ್ಲಿ ಉಳಿದಿದ್ದನ್ನ ಕೂದಲ ತುದಿಗೆ ಸವರ್ಕೋತೀನಿ. ಹೊಟ್ಟು ಏಳೋದು ನಿಂತಿದೆ, ಮೊಡವೆನೂ ಬಂದಿಲ್ಲ.

ಆದ್ರೆ ನಾನು ಇದನ್ನೇ ಆರಿಸಿದ್ದು ಆ ಪ್ಲಾಂಟ್ ಅನ್ನೋ ಪದ ನೋಡಿ. ಯಾಕಂದ್ರೆ ಈ ಎಣ್ಣೆನ ಬಹಳ ಕಾಲ ತೆಗೀತಿದ್ದಿದ್ದು ಶಾರ್ಕ್ ಲಿವರಿಂದ, ಅದರಲ್ಲೂ ಆಳ ಸಮುದ್ರದ ಗಲ್ಪರ್ ಶಾರ್ಕ್‌ದು. ಜಪಾನಿನ ಕೆಮಿಸ್ಟ್ ಮಿತ್ಸುಮಾರು ತ್ಸುಜಿಮೊಟೊ 1906ರಲ್ಲಿ ಇದರ ಮೂಲರೂಪ ಸ್ಕ್ವಾಲೀನ್‌ನ ಗುರುತಿಸಿದ್ದೂ ಶಾರ್ಕ್ ಲಿವರ್ ಎಣ್ಣೇಲೇ. ಬೇರೆ ಮೀನಿಗಿರೋ ಗಾಳಿಚೀಲ ಶಾರ್ಕ್‌ಗಿಲ್ಲ, ಅಷ್ಟು ದೊಡ್ಡ ಲಿವರ್ ತುಂಬ ಹಗುರ ಎಣ್ಣೆ ಇರೋದ್ರಿಂದ್ಲೇ ಅದು ಮುಳುಗದೆ ಈಜೋದು. ಪಾಪ, ಅದು ದೊಡ್ಡದಾಗೋಕೇ ವರ್ಷಗಟ್ಲೆ ಬೇಕು, ಮರಿ ಹಾಕೋದೂ ಬೆರಳೆಣಿಕೆ, ಹಂಗಾಗಿ ಹಿಡಿದಷ್ಟು ಬೇಗ ಮತ್ತೆ ತುಂಬ್ಕೊಳ್ಳಲ್ಲ, ಈಗ ಗಲ್ಪರ್ ಶಾರ್ಕ್ ಅಳಿವಿನಂಚಿನ ಪಟ್ಟೀಲಿದೆ. ಬರೀ ಫೇಸ್ ಆಯಿಲ್‌ಗೋಸ್ಕರ ಇದೆಲ್ಲ ಬೇಕಾ?

ಗಿಡದಲ್ಲಿ ಕಷ್ಟ ಏನಪ್ಪಾ ಅಂದ್ರೆ ಪ್ರಮಾಣ ಕಮ್ಮಿ. ಆಲಿವ್ ಎಣ್ಣೇಲಿ ಸ್ಕ್ವಾಲೀನ್ ಸಾಮಾನ್ಯವಾಗಿ 1% ಕೂಡ ಇರಲ್ಲ, ರಿಫೈನ್ ಮಾಡುವಾಗ ಮಿಕ್ಕಿದ್ರಿಂದ ತೆಗೀತಾರೆ. ಕೆಂಪು ತೆನೆ ಬಿಡೋ ರಾಜಗಿರಿ ಇದ್ಯಲ್ಲ, ನಾವು ಉಂಡೆ ಮಾಡ್ಕೊಂಡು ತಿನ್ನೋದು, ಅದರ ಬೀಜದ ಎಣ್ಣೇಲಿ ಸುಮಾರು 6ರಿಂದ 8% ಇರುತ್ತೆ. ಕಬ್ಬಿನ ಸಕ್ಕರೆಗೆ ಯೀಸ್ಟ್ ಹಾಕಿ ಹುದುಗಿಸಿ ಮಾಡೋ ದಾರಿನೂ ಈಗ ಇದೆ. ಸ್ಕ್ವಾಲೀನ್ ಗಾಳಿಗೆ ಬೇಗ ಕೆಡುತ್ತೆ ಅಂತ ಅದಕ್ಕೆ ಹೈಡ್ರೋಜನ್ ಸೇರಿಸಿ ಸ್ಕ್ವಾಲೇನ್ ಮಾಡ್ತಾರೆ, ಶುದ್ಧ ಮಾಡಿದ್ಮೇಲೆ ಶಾರ್ಕ್‌ದೂ ಗಿಡದ್ದೂ ಒಂದೇ ಮಾಲಿಕ್ಯೂಲ್, ಶಾರ್ಕ್‌ದಕ್ಕೆ ಪವರ್ ಜಾಸ್ತಿ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ನಂಬ್ಬೇಡಿ.

ಚರ್ಮ ತೀರಾ ಒಣಗಿದ್ರೆ ಇದೊಂದೇ ಸಾಲಲ್ಲ, ಜೊತೆಗೆ ಕ್ರೀಮ್ ಬೇಕು. ಬೇರೆ ಬ್ರ್ಯಾಂಡ್ ತಗೊಳ್ಳೋರು ಲೇಬಲ್ ಓದಿ, ಬರೀ ಸ್ಕ್ವಾಲೇನ್ ಅಂತಿದ್ದು ಎಲ್ಲಿಂದ ತೆಗ್ದಿದ್ದು ಅಂತ ಬರೆದಿಲ್ಲ ಅಂದ್ರೆ ಸೆಲ್ಲರ್‌ಗೆ ಮೆಸೇಜ್ ಹಾಕಿ ಕೇಳಿ, ಸರಿಯಾಗಿ ಹೇಳ್ಲಿಲ್ಲ ಅಂದ್ರೆ ಬಿಟ್ಬಿಡಿ.