ನಾಲ್ಕು ಚಳಿಗಾಲ ಬಳಸಿದ ಮೇಲೆ: ಹಿಮದ ಮುನ್ಸೂಚನೆ ಆ್ಯಪ್‌ಗೆ ಐದಕ್ಕೆ ಮೂರು

ಬರುವ ಚಳಿಗಾಲದಲ್ಲಿ ಹಿಮ ಎಷ್ಟು ಬೀಳಬಹುದು ಅಂತ ಹೇಳುವ ಒಂದು ಆ್ಯಪ್‌ಗೆ ನಾಲ್ಕು ವರ್ಷದಿಂದ ಚಂದಾ ಕಟ್ಟುತ್ತಿದ್ದೇನೆ. ಹೆಸರು ಬೇಡ ಬಿಡಿ. ಅಕ್ಟೋಬರ್ ಬಂತೆಂದರೆ ಸಾಕು, ನೀಲಿ ಬಳಿದ ನಕ್ಷೆಯೊಂದು ಮೊಬೈಲ್‌ಗೆ ಬಂದು ಬೀಳುತ್ತದೆ. ಕಡುನೀಲಿ ಅಂದರೆ ಹಿಮ ಜಾಸ್ತಿ. ನೋಡೋಕೆ ಚೆನ್ನಾಗಿದೆ. ನಾನು ಕೊಟ್ಟ ಮೂರು ಸ್ಟಾರ್‌ನಲ್ಲಿ ಒಂದೂ ಅದಕ್ಕಲ್ಲ.

ಹಿತ್ತಿಲಲ್ಲಿ ಬಿಳಿ ಬಣ್ಣ ಬಳಿದ ಹಲಗೆ ಇಟ್ಟಿದ್ದೇನೆ. ಹಿಮ ಬಿದ್ದ ಬೆಳಗ್ಗೆ ಅದಕ್ಕೆ ಸ್ಕೇಲ್ ಚುಚ್ಚಿ ಅಳೆಯುವುದು, ಬರೆದುಕೊಳ್ಳುವುದು, ಹಲಗೆ ಒರೆಸಿ ಮತ್ತೆ ಇಡುವುದು. ಮನೆಯವರಿಗೆ ಇದೊಂದು ಹುಚ್ಚು. ಆದರೆ ಆ್ಯಪ್ ಹೇಳಿದ್ದೇನು, ಹಲಗೆ ಹೇಳಿದ್ದೇನು ಅಂತ ಪಕ್ಕಪಕ್ಕ ನೋಡೋಕೆ ಬೇರೆ ದಾರಿ ಇಲ್ಲ.

ಮೊದಲ ವರ್ಷ ಹೊಂದಿಕೊಂಡಿತು. ಎರಡನೇ ವರ್ಷ ನಮ್ಮ ಕಡೆ ಪೂರ್ತಿ ಕಡುನೀಲಿ. ನಂಬಿ, ಹಿಮ ತಳ್ಳುವ ಮಷಿನ್ ಮುಂಚೆಯೇ ತಂದಿಟ್ಟೆ. ಮೋಡವೇನೋ ಸಾಲುಸಾಲಾಗಿ ಬಂತು. ಥರ್ಮಾಮೀಟರ್ ಮಾತ್ರ 2 ಡಿಗ್ರಿ ಬಿಟ್ಟು ಕೆಳಗಿಳಿಯಲಿಲ್ಲ. ಬಿದ್ದದ್ದೆಲ್ಲ ಮಳೆ, ಇಲ್ಲವೇ ನೆಲ ಮುಟ್ಟಿದ ಕೂಡಲೇ ಕರಗುವ ಕೆಸರು. ಮಷಿನ್ ಶೆಡ್ಡಿನಲ್ಲೇ ಉಳಿಯಿತು. ದೂರು ಬರೆದರೆ, "ನಮ್ಮ ಮುನ್ಸೂಚನೆ ಸರಿಯಾಗಿಯೇ ಇತ್ತು" ಅಂತ ಉತ್ತರ ಬಂತು. ಮೈ ಉರಿಯಿತು.

ಆಮೇಲೆ ಕೂತು ಓದಿದಾಗ ಗೊತ್ತಾಯಿತು, ಅವರ ಮಾತು ಅರ್ಧ ನಿಜ. ಆ ನಕ್ಷೆಗೆ ಆಧಾರವಾಗಿ ಇದ್ದದ್ದು ಮಳೆ, ಹಿಮ ಎರಡೂ ಸೇರಿದ ಒಟ್ಟು ನೀರಿನ ಲೆಕ್ಕ. ಹಿಮ ಆಗಬೇಕಾದರೆ ನೀರು, ಚಳಿ ಎರಡೂ ಒಂದೇ ಹೊತ್ತಿಗೆ ಬರಬೇಕು. 1 ಸೆಂ.ಮೀ. ನೀರಿಗೆ ಸುಮಾರು 10 ಸೆಂ.ಮೀ. ಹಿಮ ಅನ್ನುವುದು ರೂಢಿಯ ಲೆಕ್ಕ. ಒಣ ಚಳಿಯಲ್ಲಿ ಅದು 20 ದಾಟಬಹುದು, ಸೊನ್ನೆಯ ಆಸುಪಾಸಿನಲ್ಲಿ 5 ಸಿಕ್ಕರೆ ಪುಣ್ಯ. ಯಾವ ಮೋಡದ ದಿನ ಎಷ್ಟು ಚಳಿ ಇರುತ್ತದೆ ಅಂತ ಮೂರು ತಿಂಗಳು ಮುಂಚೆ ಯಾರು ಹೇಳುತ್ತಾರೆ?

ಹಾಗಾದರೆ ಅಕ್ಟೋಬರ್‌ನಲ್ಲಿ ಇವರು ನೋಡುವುದಾದರೂ ಏನು? ಮುಖ್ಯವಾಗಿ ಪೆಸಿಫಿಕ್ ಸಾಗರವನ್ನು. ಸಮಭಾಜಕದ ಬಳಿ ನೀರು ಬಿಸಿಯಾದರೆ ಎಲ್ ನಿನೊ, ತಣ್ಣಗಾದರೆ ಲಾ ನಿನಾ. ಅದರಿಂದ ಮೇಲಿನ ಗಾಳಿಯ ದಾರಿ ಬದಲಾಗುತ್ತದೆ, ಮೋಡಗಳೂ ಆ ದಾರಿ ಹಿಡಿಯುತ್ತವೆ. ಇದು ತಕ್ಕಡಿಯನ್ನು ಒಂದು ಕಡೆ ಸ್ವಲ್ಪ ವಾಲಿಸುತ್ತದೆ, ಅಷ್ಟೇ. 2022-23 ಸತತ ಮೂರನೇ ಲಾ ನಿನಾ ಚಳಿಗಾಲ. ಲಾ ನಿನಾ ಇದ್ದಾಗ ಕ್ಯಾಲಿಫೋರ್ನಿಯಾದ ದಕ್ಷಿಣಕ್ಕೆ ಮಳೆ ಕಡಿಮೆ ಅನ್ನುವುದು ವಾಡಿಕೆ. ಆ ವರ್ಷ ಆದದ್ದೇ ಬೇರೆ. ಒಂದರ ಹಿಂದೊಂದು ಬಿರುಗಾಳಿ ಬಂದು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ದಾಖಲೆ ಮಟ್ಟದ ಹಿಮ ಬಿತ್ತು.

ಇನ್ನು ಆ ಮೂರು ಸ್ಟಾರ್ ಯಾಕೆ ಅಂದರೆ, ಆ್ಯಪ್‌ನ ಕೆಳಗೆ ಮೂಲೆಯಲ್ಲಿ ಒಂದು ಸಣ್ಣ ಬಟನ್ ಇದೆ. ಒತ್ತಿದರೆ ಯಾವುದರ ಸಾಧ್ಯತೆ ಶೇಕಡಾ ಎಷ್ಟು ಅಂತ ಹೇಳುವ ಪುಟ ಬರುತ್ತದೆ. ನಾನು ಇದನ್ನು ಕಂಡದ್ದು ಮೂರನೇ ವರ್ಷ! ಜಾಸ್ತಿ 40, ಸಾಧಾರಣ 33, ಕಡಿಮೆ 27 ಅಂತ ಇರುತ್ತದೆ. ಏನೂ ಗೊತ್ತಿಲ್ಲದಿದ್ದರೂ ಮೂರಕ್ಕೂ 33 ಹಾಕಬಹುದು, ಅಲ್ವಾ? ಅಂದರೆ ಆ ಅಬ್ಬರದ ಕಡುನೀಲಿಯ ಬೆಲೆ ಏಳು. ಇದನ್ನು ಮುಖಪುಟದಲ್ಲೇ ಹಾಕಿದ್ದರೆ ಮಷಿನ್ ತರುವ ಮುಂಚೆ ಎರಡು ಸಲ ಯೋಚಿಸುತ್ತಿದ್ದೆ.

ಹತ್ತು ದಿನದ ಮುನ್ಸೂಚನೆ ಮಾತ್ರ ನಿಜಕ್ಕೂ ಚೆನ್ನಾಗಿದೆ. ಅದರಲ್ಲೂ ಮೊದಲ ಐದು ದಿನ ಹಲಗೆಗೆ ಹತ್ತಿರ ಬರುತ್ತದೆ. ನೋಟಿಫಿಕೇಶನ್ ಕಾಟ ಜಾಸ್ತಿ, ಆಫ್ ಮಾಡಿಬಿಡಿ.

ಈ ಸಲ ವರ್ಷದ ಚಂದಾ ಕಟ್ಟುವುದಿಲ್ಲ, ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಲೆಕ್ಕದಲ್ಲಿ ಸಾಕು. ಹಲಗೆಯ ಬಣ್ಣ ಎದ್ದುಹೋಗಿದೆ, ಅಷ್ಟರೊಳಗೆ ಅದಕ್ಕೊಂದು ಕೋಟ್ ಹೊಡೆಯಬೇಕು.